ಹನ್ನೆರಡನೆಯ ಹಾಡು

"ಇದರಾಗಿನ ಹಾಡು ಎಲ್ಲಿ ಹೋದುವು?"

ಗಾದಿಲಿಂಗ ಕ್ಯಾಸೆಟ್ಟನ್ನು ಕೌಂಟರಿನ ಮೇಲೆ ಕುಕ್ಕಿದ. ನಾಗರತ್ನ ತಲೆ ಎತ್ತಿದಳು.

1997ರ ಬೇಸಿಗೆ. ಕೂಡ್ಲಿಗಿ ಬಸ್ ನಿಲ್ದಾಣದ ಎದುರು ಅವಳ ಅಪ್ಪ ಪಾಲಯ್ಯನ ಕ್ಯಾಸೆಟ್ ಅಂಗಡಿ. ಹಾಡು ಅಳಿಯದಿರಲೆಂದು ಕ್ಯಾಸೆಟ್ಟಿನ ಬೆನ್ನಲ್ಲಿರುವ ಎರಡು ಪುಟ್ಟ ಮುಚ್ಚಳ ಮುರಿದು ಕಿಂಡಿ ಮಾಡಿರುತ್ತಾರೆ. ಜನ ಹಳೆಯದನ್ನು ತಂದರೆ ಆ ಕಿಂಡಿಗೆ ಕಾಗದ ತುರುಕಿ, ಇದ್ದದ್ದನ್ನು ಅಳಿಸಿ ಹೊಸ ಹಾಡು ತುಂಬುವುದು ಅವಳ ಕೆಲಸ.

ಇದು ಇಂಗ್ಲೆಂಡಿನ ಹಳೆಯ ರಾಕ್ ತಂಡವೊಂದರ ಆಯ್ದ ಹನ್ನೆರಡು ಹಾಡುಗಳ ಕ್ಯಾಸೆಟ್. ಇನ್ನೊಂದು ಪ್ರತಿ ಮಾಡಿಕೊಡಿ ಎಂದು ಗಾದಿಲಿಂಗ ಪಾಲಯ್ಯನಿಗೆ ಹೇಳಿದ್ದ. ಪಾಲಯ್ಯ ಅದನ್ನು ಹಳೆಯವುಗಳ ಬುಟ್ಟಿಗೆ ಎಸೆದು, ಮಗಳಿಗೆ ಹೇಳುವುದನ್ನೇ ಮರೆತ. ಅವಳು ಒಂದು ನಿಮಿಷ ಕೇಳಿದಳು. ಈ ಗದ್ದಲ ಯಾರಿಗೆ ಬೇಕು ಎಂದು ಭಜನೆ ತುಂಬಿಬಿಟ್ಟಳು.

ಬಳ್ಳಾರಿ ಹಾಸ್ಟೆಲಿನ ಗೆಳೆಯ ಕೊಟ್ಟದ್ದು, ಆ ಗೆಳೆಯ ಈಗಿಲ್ಲ ಎಂದ ಗಾದಿಲಿಂಗ.

'ಕೇಳಿಯೂ ಅಳಿಸಿದೆನಲ್ಲ...' ಎಂದುಕೊಂಡು ಅವಳು ಕ್ಯಾಸೆಟ್ಟಿನ ಡಬ್ಬಿ ತೆರೆದಳು.

ಡಬ್ಬಿಯ ಚೀಟಿಯಲ್ಲಿ ಹಾಡುಗಳ ಹೆಸರು ಉಳಿದಿದ್ದವು. ಅಕ್ಷರ ಅಕ್ಷರ ನೋಡಿ ಬರೆದು, ಬಸ್ ಕಂಡಕ್ಟರುಗಳ ಕೈಯಲ್ಲಿ ಬಳ್ಳಾರಿ, ದಾವಣಗೆರೆ, ಹೊಸಪೇಟೆಯ ಅಂಗಡಿಗಳಿಗೆ ಕಳಿಸಿದಳು. ಒಂದೊಂದೇ ಹಾಡು ಬಂತು. ಪಶು ಆಸ್ಪತ್ರೆಯ ನೌಕರಿಯಲ್ಲಿದ್ದ ಅವನು ಪ್ರತಿ ಸೋಮವಾರ ಬಂದು ವಿಚಾರಿಸುತ್ತಿದ್ದ. ಮೊದಮೊದಲು ನಿಂತೇ ಹೋಗುತ್ತಿದ್ದವನು ಆಮೇಲೆ ಸ್ಟೂಲಿನ ಮೇಲೆ ಕೂತು ಚಹಾ ಕುಡಿಯತೊಡಗಿದ. ಬಂದ ಹಾಡನ್ನು ಇಬ್ಬರೂ ಕೇಳುತ್ತಿದ್ದರು. ಅವಳಿಗೆ ಒಂದಕ್ಷರವೂ ತಿಳಿಯುತ್ತಿರಲಿಲ್ಲ. ಸೋಮವಾರ ಮಾತ್ರ ಬೇಕಾಗಿತ್ತು.

ಹನ್ನೊಂದಾದವು. ಇನ್ನೊಂದು ಸಿಗುತ್ತಿಲ್ಲ ಎಂದು ವಾರ ವಾರವೂ ಹೇಳಿದಳು.

ದೀಪಾವಳಿ ಕಳೆದ ಸೋಮವಾರ ಅವನು ಕೂರಲಿಲ್ಲ. ಬರುವ ವಾರ ಹೊಳಲಿಗೆ ಹೆಣ್ಣು ನೋಡಲು ಹೋಗುವುದಿದೆ, ಹನ್ನೊಂದೇ ಸಾಕು, ಕೊಟ್ಟುಬಿಡಿ ಎಂದ.

ನಾಗರತ್ನ ಕೌಂಟರಿನ ಕೆಳಗಿನಿಂದ ಹೊಸ ಕ್ಯಾಸೆಟ್ ತೆಗೆದಿಟ್ಟಳು.

"ಹನ್ನೆರಡೂ ಅದಾವ."

"ಯಾವಾಗ ಸಿಕ್ತು?"

"ಶ್ರಾವಣದಾಗ."

"ಮತ್ತ ಇಲ್ಲ ಅಂತಿದ್ರಿ?"

"ಕೊಟ್ಟಿದ್ರ ನೀವು ಬರ್ತಿದ್ರೇನು?" ಅವಳಿಗೆ ಸಿಟ್ಟು ಬಂದಿತ್ತು, ತನ್ನ ಮೇಲೆಯೇ. "ಹೋಗ್ರಿ. ಹೊಳಲಿನಾಕಿಗೆ ಕೇಳಸ್ರಿ."

ಗಾದಿಲಿಂಗ ಕ್ಯಾಸೆಟ್ಟನ್ನು ತಿರುಗಿಸಿ ನೋಡಿದ. ಕಿಂಡಿಗಳು ಇನ್ನೂ ಮುಚ್ಚಿಯೇ ಇದ್ದವು. ಬೀಗದ ಕೈ ತೆಗೆದು ಎರಡೂ ಮುಚ್ಚಳ ಮುರಿದ. ಇನ್ನು ಅದರ ಮೇಲೆ ಬೇರೇನೂ ತುಂಬಲಾಗದು.

"ಹೊಳಲಿಗೆ ಬರೂದಿಲ್ಲ ಅಂತ ನಮ್ಮವ್ವಗ ಹೇಳ್ತೀನಿ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಕಾಗದ ತುರುಕಿದ್ರ ಮತ್ತ ಅಳಸಬೌದು. ಗೊತ್ತಲ್ಲ?"

"ತುರುಕಬ್ಯಾಡ ರತ್ನಾ," ಎಂದು ಅವನು ಸ್ಟೂಲು ಎಳೆದುಕೊಂಡು ಕೂತ.