ಅರ್ಧ ಮೆಸಾನ್

"ಲತಾ ಎಲ್ಲಿ? ಇನ್ನೇನು ಜಡ್ಜ್ ಬರ್ತಾರೆ!" ಶಾಂತಿ ಮಿಸ್ ಗಾಬರಿಯಾಗಿ ಕೇಳಿದರು.

ಏಳನೇ ಕ್ಲಾಸಿನ ಹೇಮಾವತಿ ತಲೆ ತಗ್ಗಿಸಿದಳು. "ಬೆಳಿಗ್ಗೇನೇ ಹೋದ್ಳು ಮಿಸ್. ಅವರಪ್ಪ ದಾವಣಗೆರೆ ಕಡೆ ಗದ್ದೆಗೆ ಕುರಿ ಮೇಯ್ಸಾಕೆ ಹೊಡ್ಕಂಡು ಹೊರಟವ್ರೆ. ಅವ್ವಂಗೆ ಹುಷಾರಿಲ್ವಂತೆ. ಅಡಿಗೆ ಮಾಡಾಕೆ ಇವಳೇ ಬೇಕಂತೆ."

"ಯಾವಾಗ ಬರ್ತಾಳೆ?"

"ಈ ವರ್ಷ ಬರಾಕಿಲ್ಲ ಅಂದ್ಳು."

ಹಿರಿಯೂರಿನ ವಿಜ್ಞಾನ ಪ್ರದರ್ಶನದಲ್ಲಿ ಎಲ್ಲರದೂ ಜ್ವಾಲಾಮುಖಿ, ಇಲ್ಲವೇ ಹನಿ ನೀರಾವರಿ. ಐಮಂಗಲ ಶಾಲೆಯ ಹೇಮಾ, ಲತಾ ಇಬ್ಬರದು ಮಾತ್ರ ಮೆಸಾನ್. ಕಣ್ಣಿಗೇ ಕಾಣದ ಕಣ! ಅದರೊಳಗೆ ಇನ್ನೂ ಚಿಕ್ಕ ಎರಡು ಕಣ: ಒಂದು ಕ್ವಾರ್ಕ್, ಅದಕ್ಕೆ ಪ್ರತಿಯಾದ ಒಂದು ಆಂಟಿಕ್ವಾರ್ಕ್. ಅದನ್ನು ತೋರಿಸಲು ಒಂದು ಕೆಂಪು ಚೆಂಡು, ಒಂದು ನೀಲಿ ಚೆಂಡು, ನಡುವೆ ಸೈಕಲ್ ಟ್ಯೂಬಿನ ಪಟ್ಟಿ. ಗೆದ್ದರೆ ಇಬ್ಬರೂ ಚಿತ್ರದುರ್ಗದ ಜಿಲ್ಲಾ ಪ್ರದರ್ಶನಕ್ಕೆ ಹೋಗುವುದಿತ್ತು.

ಆದರೆ ಈ ಜಾಣೆಯರು ಒಂದು ಪೆದ್ದು ಕೆಲಸ ಮಾಡಿದ್ದರು. ಹೇಳಬೇಕಾದುದನ್ನು ರೊಟ್ಟಿಯಂತೆ ಅರ್ಧರ್ಧ ಮುರಿದುಕೊಂಡು ಬಾಯಿಪಾಠ ಮಾಡಿದ್ದರು. ಮೆಸಾನಿನ ಒಳಗೇನಿದೆ ಎನ್ನುವುದು ಹೇಮಾಳ ಪಾಲು. ಅದನ್ನು ಎಳೆದರೆ ಏನಾಗುತ್ತದೆ ಎನ್ನುವುದು ಲತಾಳ ಪಾಲು.

ಜಡ್ಜ್ ಬಂದರು. ಹೇಮಾ ತನ್ನ ಪಾಲನ್ನು ಗಡಗಡ ಒಪ್ಪಿಸಿದಳು.

"ಭೇಷ್! ಈಗ ಎರಡನ್ನೂ ಎಳೆದು ಬೇರೆ ಮಾಡಿದ್ರೆ? ಒಂಟಿ ಕ್ವಾರ್ಕ್ ಸಿಗುತ್ತಾ?"

ಸಿಗುತ್ತದೋ ಇಲ್ಲವೋ, ಹೇಮಾಗೆ ನಿಜಕ್ಕೂ ಗೊತ್ತಿರಲಿಲ್ಲ. "ಅದು... ಅದು ಲತಾ ಹೇಳ್ತಾಳೆ ಸರ್."

"ಲತಾ ಯಾರಮ್ಮ?"

ಹೇಮಾ ಪಕ್ಕದ ಖಾಲಿ ಜಾಗ ನೋಡಿದಳು. ಜಡ್ಜ್ ಏನೋ ಬರೆದುಕೊಂಡು ಜ್ವಾಲಾಮುಖಿಯತ್ತ ನಡೆದರು.

ಎಲ್ಲ ಮುಗಿದೇ ಹೋಯಿತು. ಹೇಮಾಗೆ ಲತಾಳ ಮೇಲೆ ಕೆಟ್ಟ ಸಿಟ್ಟು ಬಂತು. ಬೆಳಿಗ್ಗೆ ಕುರಿಗಳ ಹಿಂದೆ ಲತಾ ಅಳುತ್ತಲೇ ಹೋದದ್ದು ನೆನಪಾಗಿ ಸಿಟ್ಟು ಇಳಿಯಿತು. ಆಮೇಲೆ ಬರೀ ಅಳು ಉಳಿಯಿತು.

ಮಿಸ್, ಪ್ರದರ್ಶನ ನೋಡಲು ಬಂದಿದ್ದ ಅದೇ ಕ್ಲಾಸಿನ ಅಂಜಲಿಯನ್ನು ಕರೆತಂದು ಪಕ್ಕದಲ್ಲಿ ನಿಲ್ಲಿಸಿದರು. "ಸಂಜೆ ತನಕ ಜನ ಬರ್ತಾರೆ. ಲತಾದು ನೀನು ಹೇಳಮ್ಮ."

ಲತಾ ಬರೆದಿಟ್ಟಿದ್ದ ಹಾಳೆಯನ್ನು ಮಿಸ್ ತಮ್ಮ ಫೈಲಿನಲ್ಲಿ ಹುಡುಕಿ ಕೊಟ್ಟರು; ಅಂಜಲಿ ಅದನ್ನು ಹಿಡಿದು ಓದಿದಳು. "ಎಷ್ಟು ಎಳೆದರೂ ಸೆಳೆತ ಬಿಡುವುದಿಲ್ಲ. ಇನ್ನೂ ಎಳೆದರೆ, ಆ ಎಳೆದ ಶಕ್ತಿಯಿಂದಲೇ ಹೊಸ ಕ್ವಾರ್ಕ್, ಹೊಸ ಆಂಟಿಕ್ವಾರ್ಕ್ ಹುಟ್ಟಿ ಹಳೆಯವುಗಳ ಜೊತೆ ಸೇರುತ್ತವೆ. ಒಂದು ಮೆಸಾನ್ ಇದ್ದದ್ದು ಎರಡಾಗುತ್ತದೆ. ಕ್ವಾರ್ಕ್ ಒಂಟಿಯಾಗಿ ಸಿಗುವುದೇ ಇಲ್ಲ." ಓದಿ ಮುಗಿಸಿ ತಿರುಗಿದಳು. "ಸರಿಯಾಗಿ ಓದಿದ್ನೇನೇ?"

ಹೇಮಾ ತಲೆಯಾಡಿಸಿ, ಅವಳಿಗೆ ಜಾಗ ಬಿಟ್ಟು ಸರಿದು ನಿಂತಳು. ಪಾಠ ಈಗ ಪೂರ್ತಿ ಅರ್ಥವಾಗಿತ್ತು. ಹೊಸ ಜೋಡಿಯೂ ಆಗಿತ್ತು. ಲತಾ ಮಾತ್ರ ಇರಲಿಲ್ಲ.