ಟಿಲ್ಲಿಯ ಹನ್ನೆರಡು ಮೊಟ್ಟೆಗಳು

"ನನ್ನ ಮೊಟ್ಟೆ ಕದ್ದಿದಾರೆ, ಹ್ಯಾರಿಯೆಟ್! ಕದ್ದಿದ್ದು ಸಾಲದು ಅಂತ ಅವುಗಳ ಜಾಗದಲ್ಲಿ ಬೇರೆ ಮೊಟ್ಟೆ ಇಟ್ಟು ಹೋಗಿದಾರೆ!"

ಏಪ್ರಿಲ್ ತಿಂಗಳ ಒಂದು ಬುಧವಾರ ಬೆಳಿಗ್ಗೆ ಎಮಿಲ್ ಬಾಯರ್ ನನ್ನ ಮೇವಿನ ಅಂಗಡಿಗೆ ನುಗ್ಗಿ ಹೀಗೆ ಕೂಗಿಕೊಂಡ. ಎಪ್ಪತ್ತನಾಲ್ಕು ವರ್ಷದ ಮುದುಕ, ಅಂಗಿಯ ಗುಂಡಿಗಳನ್ನು ಮೇಲೆಕೆಳಗಾಗಿ ಹಾಕಿಕೊಂಡಿದ್ದ. ಎದೆನೋವಿನ ಮನುಷ್ಯ ಹೀಗಾ ಓಡಿ ಬರುವುದು ಎಂದು ಬೈಯಲು ಹೊರಟವನು, ಅವನ ಮುಖ ನೋಡಿ ಕುರ್ಚಿ ಎಳೆದುಕೊಟ್ಟೆ.

ಹ್ಯಾರಿಯೆಟ್ ಲುಂಡ್ ಒಲೆಯ ಪಕ್ಕ ಕೂತು ನನ್ನ ಕಾಫಿ ಕುಡಿಯುತ್ತ, ಅದು ಕೆಟ್ಟದಾಗಿದೆ ಎಂದು ದೂರುತ್ತಿದ್ದಳು. ವಿಸ್ಕಾನ್ಸಿನ್ನಿನ ನಮ್ಮ ಟಾಮರಾಕ್ ಕ್ರೀಕಿಗೆ ಮೂವತ್ತೊಂದು ವರ್ಷ ಪೋಸ್ಟ್ ಮಾಸ್ಟರ್ ಆಗಿದ್ದವಳು ಅವಳು. ಪ್ರತಿ ವಸಂತದಲ್ಲೂ ಟಪಾಲಿನಲ್ಲಿ ಬರುತ್ತಿದ್ದ ಕೋಳಿಮರಿಗಳ ಪೆಟ್ಟಿಗೆಗಳನ್ನು ಕಿವಿಗೆ ಹಿಡಿದು, ಒಳಗೆ ಎಷ್ಟು ಬದುಕಿವೆ ಎಂದು ಹೇಳಿಬಿಡುತ್ತಿದ್ದಳು. ನಿವೃತ್ತಿಯ ಮೇಲೆ ನನ್ನ ಅಂಗಡಿಯ ಮಹಡಿಯಲ್ಲೇ ಬಾಡಿಗೆಗಿದ್ದಳು. ಊರಲ್ಲಿ ಏನು ಕಳೆದರೂ ಜನ ಮೊದಲು ಅವಳ ಹತ್ತಿರ ಬರುತ್ತಿದ್ದರು, ಶೆರಿಫ್ ಹತ್ತಿರ ಆಮೇಲೆ. ಅವಳ ಹಿಂದೆ ಅಲೆಯುವುದು, ಬೈಸಿಕೊಳ್ಳುವುದು ನನ್ನ ಪಾಲಿನ ಕೆಲಸ.

"ಕೂತ್ಕೋ ಎಮಿಲ್. ಮೊದಲಿಂದ ಹೇಳು," ಎಂದಳು.

ಅವನು ಹೇಳಬೇಕಾದದ್ದರಲ್ಲಿ ಅರ್ಧ ನಮಗೆ ಗೊತ್ತೇ ಇತ್ತು. ಅವನ ಹೆಂಡತಿ ಟಿಲ್ಲಿ ಮೂವತ್ತು ವರ್ಷ ಆರಿಸಿ ಆರಿಸಿ ಬೆಳೆಸಿದ ವಯಂಡಾಟ್ ತಳಿಯ ಕೋಳಿಗಳು ಜಿಲ್ಲೆಗೇ ಹೆಸರಾಗಿದ್ದವು. ಒಂದೊಂದು ಬೆಳ್ಳಿ ಗರಿಯ ಸುತ್ತಲೂ ಕಪ್ಪು ಅಂಚು. ಅಂಥ ಅಚ್ಚುಕಟ್ಟಾದ ಅಂಚು ಬೇರೆ ಯಾರ ಕೋಳಿಗೂ ಬರುತ್ತಿರಲಿಲ್ಲ. ಟಿಲ್ಲಿ ಅಕ್ಟೋಬರಿನಲ್ಲಿ ತೀರಿಕೊಂಡಳು. ಮಾರ್ಚಿನಲ್ಲಿ ಗೂಡಿಗೆ ಕಾಡಿನ ರಕೂನ್ ಪ್ರಾಣಿ ನುಗ್ಗಿ ಹುಂಜ, ಹೇಂಟೆ ಒಂದನ್ನೂ ಬಿಡದೆ ಕೊಂದುಹಾಕಿತು. ಉಳಿದದ್ದು ಅಡುಗೆಮನೆಯ ಬುಟ್ಟಿಯಲ್ಲಿದ್ದ ಹನ್ನೆರಡು ಮೊಟ್ಟೆ. ಅವುಗಳನ್ನು ಎಮಿಲ್ ಕಾವುಪೆಟ್ಟಿಗೆಯಲ್ಲಿಟ್ಟು, ಒಂದು ಮಗ್ಗುಲಿಗೆ ಅಡ್ಡಗೆರೆ, ಇನ್ನೊಂದಕ್ಕೆ ಸೊನ್ನೆ ಗುರುತು ಹಾಕಿ, ದಿನಕ್ಕೆ ಮೂರು ಸಲ ತಿರುಗಿಸುತ್ತಿದ್ದ. ಆ ಹನ್ನೆರಡು ಬಿಟ್ಟರೆ ಟಿಲ್ಲಿಯ ಕೋಳಿ ಅನ್ನುವುದು ಭೂಮಿಯ ಮೇಲೆ ಇನ್ನೆಲ್ಲೂ ಇರಲಿಲ್ಲ.

"ಹತ್ತನೇ ದಿನ ಬೆಳಕು ಹಿಡಿದು ನೋಡಿದ್ದೆ," ಎಂದ ಎಮಿಲ್. "ಹನ್ನೆರಡರಲ್ಲೂ ಕೆಂಪು ನರ, ಒಳಗೆ ಮರಿ ಮಿಸುಕಾಡ್ತಿತ್ತು. ಇವತ್ತು ಹದಿನೆಂಟನೇ ದಿನ. ಇನ್ಮೇಲೆ ತಿರುಗಿಸೋ ಹಾಗಿಲ್ವಲ್ಲ, ಅದಕ್ಕೇ ಕೊನೇ ಸಲ ನೋಡೋಣ ಅಂತ ನೋಡಿದ್ರೆ, ಏನೂ ಇಲ್ಲ! ನರದ ಒಂದು ಎಳೆ ಕೂಡ ಇಲ್ಲ."

"ಮರಿ ಒಳಗೇ ಸತ್ತಿರಬಹುದಲ್ಲ?" ಎಂದೆ ನಾನು.

"ಸತ್ರೆ ಕಪ್ಪಗೆ ಕಾಣುತ್ತೆ ಕಣೋ ಆರ್ವಿಲ್," ಎಂದಳು ಹ್ಯಾರಿಯೆಟ್. "ನಲವತ್ತು ವರ್ಷ ಕೋಳಿ ಮೇವು ಮಾರಿದೀಯ, ಇಷ್ಟೂ ಗೊತ್ತಿಲ್ವಾ?"

"ಇದು ಡ್ವೇನ್ ಪ್ರಿಬಿಲ್‌ದೇ ಕೆಲಸ," ಎಂದ ಎಮಿಲ್. "ಹದಿನೈದು ವರ್ಷ ಟಿಲ್ಲಿಯ ಹಿಂದೆ ಎರಡನೇ ಬಹುಮಾನ ತಗೊಂಡೋನು. 'ಟಿಲ್ಲಿ ಕೋಳಿ ನನ್ನ ಅಂಗಳದಲ್ಲಿ ಓಡಾಡೋದನ್ನ ನೋಡೇ ಸಾಯೋದು' ಅಂತ ಚರ್ಚಿನಲ್ಲಿ ಎಲ್ಲರೆದುರು ಹೇಳಿದಾನೆ. ಕೋವಿ ಎತ್ಕೊಂಡು ಹೋಗ್ತೀನಿ ಅವನ ಮನೆಗೆ!"

"ಕೋವಿ ಎತ್ತೋಕೂ ನಿನ್ನ ಕೈಯಲ್ಲಾಗಲ್ಲ. ನಡಿ, ಮೊದಲು ಮೊಟ್ಟೆ ನೋಡೋಣ," ಎಂದಳು ಹ್ಯಾರಿಯೆಟ್.

ಎಮಿಲ್‌ನ ಅಡುಗೆಮನೆಯ ಮೇಜಿನ ಮೇಲೆ ಕಾವುಪೆಟ್ಟಿಗೆ ಬೆಚ್ಚಗೆ ಕೂತಿತ್ತು. ಹ್ಯಾರಿಯೆಟ್ ಪರದೆ ಎಳೆದು, ಕಂದು ಮೊಟ್ಟೆಗಳನ್ನು ಒಂದೊಂದಾಗಿ ಟಾರ್ಚಿನ ಮೇಲಿಟ್ಟು ನೋಡಿದಳು. ಹೆಬ್ಬೆರಳಿನಿಂದ ಸಿಪ್ಪೆಯನ್ನು ತಿಕ್ಕಿದಳು. ಆಮೇಲೆ ನನ್ನನ್ನೂ ಕರೆದು ತೋರಿಸಿದಳು.

"ದಪ್ಪ ತುದಿಯಲ್ಲಿ ಗಾಳಿ ಜಾಗ ಎಷ್ಟಿದೆ?"

"ಒಂದು ಸಣ್ಣ ನಾಣ್ಯದಷ್ಟು."

"ನೆನಪಿಟ್ಕೋ. ಎಮಿಲ್, ನೀನು ಈಚೆಗೆ ಮನೆ ಬಿಟ್ಟು ಹೋಗಿದ್ಯಾ?"

"ಶನಿವಾರ ಬೆಳಿಗ್ಗೆ, ಎದೆ ತೋರಿಸೋಕೆ ಆಸ್ಪತ್ರೆಗೆ. ಮಧ್ಯಾಹ್ನಕ್ಕೆ ಬರೋಣ ಅಂದ್ಕೊಂಡಿದ್ದೆ. ಹಿಮಗಾಳಿಗೆ ರಸ್ತೆಯೆಲ್ಲ ಗಾಜಿನ ಹಾಗಾಗಿ ಅಲ್ಲೇ ಸಿಕ್ಕಿಹಾಕ್ಕೊಂಡೆ. ಭಾನುವಾರ ಮಧ್ಯಾಹ್ನ ಬಂದೆ. ದೇವರ ದಯೆ, ಇಲ್ಲಿ ಕರೆಂಟ್ ಹೋಗಿರ್ಲಿಲ್ಲ. ಈ ಗೋಡೆ ಗಡಿಯಾರ ಸರಿಯಾಗಿ ಓಡ್ತಿತ್ತು, ಅದನ್ನು ನೋಡಿದ ಮೇಲೇ ನನಗೆ ಉಸಿರು ಬಂದದ್ದು."

"ಬೇರೆ ಗಡಿಯಾರ ಇಲ್ವಾ?"

"ಮಲಗೋ ಕೋಣೆಯಲ್ಲೊಂದಿದೆ, ಅದೂ ಕರೆಂಟಿಂದೇ. ಕೆಟ್ಟುಹೋಗಿದೆ ಅನ್ಸುತ್ತೆ, ಒಂಬತ್ತು ಗಂಟೆ ಹಿಂದೆ ಇದೆ. ಟಿಲ್ಲಿ ಮಲಗ್ತಿದ್ದ ಕಡೆ ಇರೋದನ್ನ ಮುಟ್ಟೋಕೆ ಮನಸ್ಸು ಬರ್ಲಿಲ್ಲ."

ಅಷ್ಟರಲ್ಲಿ ಫೋನ್ ಹೊಡೆದುಕೊಂಡಿತು. ಎಮಿಲ್ ಎತ್ತಿ, ಒಂದು ಗಳಿಗೆ ಕೇಳಿ, ಮಾತಿಲ್ಲದೆ ಇಟ್ಟುಬಿಟ್ಟ.

"ಯಾರು?"

"ಬೇಡದೋರು. ಭಾನುವಾರದಿಂದ ಇದೇ ಕತೆ." ಅವನು ಕಿಟಕಿಯ ಕಡೆ ತಿರುಗಿ ನಿಂತ. "ಹದಿನೆಂಟನೇ ದಿನದಿಂದ ಟಿಲ್ಲಿ ಮೊಟ್ಟೆಗಳ ಹತ್ತಿರ ಕೂತು ಮಾತಾಡ್ತಿದ್ಳು, ಆರ್ವಿಲ್. ಅವು ಒಳಗಿಂದಲೇ ಉತ್ತರ ಕೊಡ್ತಿದ್ವು. ನಾನು ಬೆಳಿಗ್ಗೆ ಹಾಗೇ ಮಾತಾಡಿ ನೋಡ್ದೆ. ನನ್ನ ಗಂಟಲಿಗೆ ಏನು ಬರುತ್ತೆ ಹೇಳು? ಅವಳ ದನಿ ಒಂದೇ ಒಂದ್ಸಲ ಕೇಳಿದ್ರೆ ಸಾಕಿತ್ತು."

ನಾನೂ ಹೆಂಡತಿಯನ್ನು ಕಳಕೊಂಡವನು. ಕಾಫಿ ಕುದಿಸಿಕೊಟ್ಟೆ.

ಮಧ್ಯಾಹ್ನ ಡ್ವೇನ್‌ನ ಮನೆಗೆ ಹೋದೆವು. ಅವನಲ್ಲಿರುವುದು ಕಾಲಿಗೂ ಗರಿಯಿರುವ ದೈತ್ಯ ಬ್ರಹ್ಮ ತಳಿಯ ಕೋಳಿಗಳು. ಪ್ರತಿಯೊಂದು ದೊಡ್ಡಿಯಲ್ಲೂ ಒಂದೊಂದು ಹುಂಜ ಎದೆಯುಬ್ಬಿಸಿ ನಿಂತಿತ್ತು. ಮೊಟ್ಟೆಗಳೂ ಕಂದು, ಬಣ್ಣದಲ್ಲಿ ಹೆಚ್ಚುಕಡಿಮೆ ಎಮಿಲ್‌ನ ಪೆಟ್ಟಿಗೆಯಲ್ಲಿದ್ದವುಗಳಂತೆಯೇ. ಸಿಕ್ಕಿಬಿದ್ದ ಎಂದುಕೊಂಡು ನಾನು ಹ್ಯಾರಿಯೆಟ್‌ಳ ತೋಳು ತಿವಿದೆ.

"ನಾನು ಕದೀತೀನಾ?" ಎಂದು ಡ್ವೇನ್ ಕೆಂಪಾದ. "ಟಿಲ್ಲಿಯಮ್ಮನ ಕೋಳಿನ ಸೋಲಿಸ್ಬೇಕು ಅಂತಿದ್ದೆ, ನಿಜ. ಅವೇ ಇಲ್ದಿದ್ರೆ ಯಾರನ್ನ ಸೋಲಿಸ್ಲಿ? ಅರ್ಧ ಮೊಟ್ಟೆ ನನ್ನ ಪೆಟ್ಟಿಗೇಲಿಡ್ರಿ, ಒಂದು ಕಡೆ ಕೆಟ್ರೂ ಇನ್ನೊಂದು ಕಡೆ ಉಳೀತವೆ ಅಂತ ಕೈಮುಗಿದು ಕೇಳ್ಕೊಂಡೆ. ಆ ಮುದುಕ ಬಾಗಿಲು ಹಾಕ್ಕೊಂಡ."

ಅಂಗಡಿಗೆ ಮರಳಿದಾಗ ಹ್ಯಾರಿಯೆಟ್ ಬಾಗಿಲ ಪಕ್ಕದಲ್ಲಿದ್ದ ತಂತಿ ತಳದ ಪಂಜರಕ್ಕೆ ಕಾಲು ತಾಗಿಸಿಕೊಂಡು ಮುಗ್ಗರಿಸಿದಳು.

"ಇದನ್ಯಾಕೋ ಇಲ್ಲಿಟ್ಟಿದೀಯ?"

"ಮಿನ್ನಾ ವಾಪಸ್ ಕೊಟ್ಟಿದ್ದು." ಮಿನ್ನಾ ಟಿಲ್ಲಿಯ ತಂಗಿ, ಎಮಿಲ್‌ನ ಮನೆಯ ಎದುರು ರಸ್ತೆಯಾಚೆ ಒಂಟಿಯಾಗಿರುವವಳು. ಚರ್ಚಿಗೆ ಬರುವವರಿಗೆ ತಿನ್ನುವ ಮೊಟ್ಟೆ ಮಾರುತ್ತಾಳೆ. ಟಿಲ್ಲಿಯ ಮಣ್ಣಿನ ದಿನ ಎಮಿಲ್ ಅವಳಿಗೆ ಬೆನ್ನು ಹಾಕಿದ. ಅಂದಿನಿಂದ ಅವರಿಬ್ಬರಿಗೆ ಮಾತಿಲ್ಲ. "ಅವಳದೊಂದು ಹೇಂಟೆ ಕಾವಿಗೆ ಕೂತು ಏಳ್ತಾನೇ ಇರ್ಲಿಲ್ಲವಂತೆ. ಕಾವು ಬಿಡಿಸೋಕೆ ಅಂತ ಗುರುವಾರ ತಗೊಂಡು ಹೋದ್ಳು, ಭಾನುವಾರ ಚರ್ಚ್ ಮುಗಿಸ್ಕೊಂಡು ಬರೋವಾಗ ತಂದುಕೊಟ್ಳು."

ಹ್ಯಾರಿಯೆಟ್ ಪಂಜರದ ಮೇಲೇ ಕೂತುಬಿಟ್ಟಳು. "ಆರ್ವಿಲ್, ನೀನು ದಡ್ಡ. ನಾನೂ ದಡ್ಡಿ. ಶುಕ್ರವಾರ ನಾಲ್ಕು ಗಂಟೆಗೆ ಎಲ್ಲರನ್ನೂ ಎಮಿಲ್ ಮನೆಗೆ ಬರೋಕೆ ಹೇಳು."

"ಇವತ್ತೇ ಯಾಕಾಗ್ಬಾರ್ದು? ಆ ಮನುಷ್ಯ ಒದ್ದಾಡ್ತಿದಾನೆ!"

"ಅವನಿಗೆ ಇನ್ನೊಂದು ಸುಳ್ಳು ಆಸೆ ಹುಟ್ಟಿಸೋಕೆ ನನಗೆ ಧೈರ್ಯ ಇಲ್ಲ. ಶುಕ್ರವಾರ ಇಪ್ಪತ್ತನೇ ದಿನ. ಅವತ್ತಿಗೆ ಗೊತ್ತಾಗುತ್ತೆ."

ಶುಕ್ರವಾರ ಎಮಿಲ್‌ನ ಅಡುಗೆಮನೆಗೆ ಮೊದಲು ಬಂದವನು ಡ್ವೇನ್. ಎಮಿಲ್ ಅವನನ್ನು ದುರುಗುಟ್ಟಿ ನೋಡುತ್ತ ಕೂತಿದ್ದ. ಮಿನ್ನಾ ಕೊನೆಗೆ ಬಂದಳು. ಕೋಟು ಕಳಚದೆ, ತುಟಿ ಬಿಗಿಹಿಡಿದು ಬಾಗಿಲಲ್ಲೇ ನಿಂತಳು. ಎಮಿಲ್ ತಲೆ ತಗ್ಗಿಸಿಬಿಟ್ಟ.

"ಹದಿನೆಂಟು ದಿನ ಕಾವಿನಲ್ಲಿದ್ದ ಮೊಟ್ಟೆ ಒಣಗುತ್ತ ಬಂದಿರುತ್ತೆ, ಗಾಳಿ ಜಾಗ ಮೂರರಲ್ಲಿ ಒಂದು ಪಾಲಿಗೆ ಬೆಳೆದಿರುತ್ತೆ," ಎಂದು ಹ್ಯಾರಿಯೆಟ್ ಶುರುಮಾಡಿದಳು. "ಇವುಗಳಲ್ಲಿ ಇದ್ದದ್ದು ನಾಣ್ಯದಷ್ಟು. ಅಂದ್ರೆ ಇವು ಪೆಟ್ಟಿಗೆಗೆ ಬಂದು ಮೂರು ನಾಲ್ಕು ದಿನ ಆಗಿತ್ತಷ್ಟೆ. ಎಮಿಲ್ ಇಲ್ಲದ ಶನಿವಾರ, ಭಾನುವಾರಕ್ಕೆ ಸರಿಹೋಯ್ತು. ಇನ್ನು, ಡ್ವೇನ್ ತನ್ನ ಮೊಟ್ಟೆ ಇಟ್ಟಿದ್ರೆ ಅಷ್ಟರಲ್ಲಿ ನರ ಕಾಣಿಸ್ಕೊಳ್ತಿತ್ತು. ಅವನ ಹೇಂಟೆಗಳ ಜೊತೆ ಹುಂಜ ಇದೆ. ಹನ್ನೆರಡಕ್ಕೆ ಹನ್ನೆರಡೂ ಖಾಲಿ ಅಂದ್ರೆ ಹುಂಜ ಇಲ್ಲದ ಮನೆ ಮೊಟ್ಟೆ, ತಿನ್ನೋಕಷ್ಟೇ ಮಾರೋ ಅಂಥದು. ಅಂಗಡೀದೂ ಅಲ್ಲ. ಅಂಗಡಿ ಮೊಟ್ಟೆ ತೊಳೆದು ನುಣ್ಣಗಿರುತ್ತೆ, ಇವುಗಳ ಮೇಲೆ ಕೋಳಿ ಇಟ್ಟಾಗ ಇರೋ ಪುಡಿಯಂಥ ಪೊರೆ ಹಾಗೇ ಇತ್ತು."

ಡ್ವೇನ್ ಎದೆಯುಬ್ಬಿಸಿ ಎಮಿಲ್‌ನತ್ತ ನೋಡಿದ, ತನ್ನ ಹುಂಜಗಳ ಹಾಗೇ.

"ಆಮೇಲೆ ಗಡಿಯಾರ. ಶನಿವಾರ ಇಲ್ಲಿ ಕರೆಂಟ್ ಹೋಗಿತ್ತು, ಎಮಿಲ್. ಒಂಬತ್ತು ಗಂಟೆ ಹೊತ್ತು. ಮಲಗೋ ಕೋಣೆಯದು ಕೆಟ್ಟಿಲ್ಲ, ನಿಜ ಹೇಳ್ತಿದೆ. ಅಡುಗೆಮನೇದನ್ನ ಯಾರೋ ಸರಿಮಾಡಿದ್ರು. ಕಳ್ಳನಿಗೆ ಗಡಿಯಾರ ಕಟ್ಕೊಂಡು ಏನಾಗ್ಬೇಕು? ನಿನ್ನ ಎದೆ ಒಡೀಬಾರ್ದು ಅಂತ ಇದ್ದೋರು ಮಾತ್ರ ಹಾಗೆ ಮಾಡ್ತಾರೆ."

ಎಮಿಲ್ ತಿರುಗಿ ಗೋಡೆ ಗಡಿಯಾರವನ್ನು ನೋಡಿದ.

"ಹಠದ ಹೇಂಟೆಯ ಕಾವು ಬಿಡಿಸೋಕೆ ವಾರ ಬೇಕು. ಮಿನ್ನಾ ಮೂರೇ ದಿನಕ್ಕೆ ಪಂಜರ ವಾಪಸ್ ಕೊಟ್ಳು. ಯಾಕಂದ್ರೆ ಕಾವು ಬಿಡಿಸೋದು ಈಗ ಬೇಡವಾಗಿತ್ತು, ಕಾವೇ ಬೇಕಾಗಿತ್ತು. ಶನಿವಾರ ಅವಳ ಮನೇಲೂ ಕರೆಂಟ್ ಹೋಯ್ತು. ನೀನು ಊರಲ್ಲಿಲ್ಲ ಅಂತ ಗೊತ್ತಿತ್ತು. ಟಿಲ್ಲಿ ಕೊಟ್ಟಿದ್ದ ಬೀಗದಕೈ ಹಿಡ್ಕೊಂಡು ಓಡಿ ಬಂದ್ಳು, ಪೆಟ್ಟಿಗೆ ಆರುತ್ತ ಬಂದಿತ್ತು. ಮೊಟ್ಟೆಗಳನ್ನ ಮೈಗೆ ಕಟ್ಕೊಂಡು ಆ ಜಾರೋ ರಸ್ತೆ ದಾಟಿ ಹೇಂಟೆ ಕೆಳಗಿಟ್ಳು. ಭಾನುವಾರ ಬೆಳಿಗ್ಗೆ ತನ್ನ ಮೊಟ್ಟೆಗಳಿಗೆ ಗುರುತು ಹಾಕಿ ಇಲ್ಲಿಟ್ಳು. ಖಾಲಿ ಪೆಟ್ಟಿಗೆ ನೋಡಿದ್ರೆ ನೀನು ಅಲ್ಲೇ ಬಿದ್ದುಹೋಗ್ತೀಯ ಅಂತ."

"ಹಾಗಾದ್ರೆ ನನಗೆ ಹೇಳ್ಬಾರ್ದಿತ್ತಾ?"

"ಹೇಳೋಕೆ ಎಷ್ಟು ಸಲ ಫೋನ್ ಮಾಡಿದ್ಳೋ! ದನಿ ಕೇಳಿದ ತಕ್ಷಣ ನೀನು ಇಟ್ಟುಬಿಟ್ಟೆ. ಆಮೇಲೆ ಅವಳಿಗೂ ಹೆದರಿಕೆ ಬಂತು, ಒಳಗಿರೋವು ಬದುಕಿರ್ದೇ ಇದ್ರೆ ಅಂತ. ಅವಳ ಮೇಲೆ ನಿನಗೆ ಅದೇನು ಕೋಪ, ಎಮಿಲ್?"

"ಕೋಪ ಅಲ್ಲ," ಎಂದ ಎಮಿಲ್, ಮೇಜನ್ನೇ ನೋಡುತ್ತ. "ಇಬ್ಬರದೂ ಒಂದೇ ದನಿ. ಮಣ್ಣಿನ ದಿನ ಹಿಂದಿನಿಂದ ಇವಳು 'ಎಮಿಲ್ ಭಾವ' ಅಂದ್ಳು. ಟಿಲ್ಲಿ ಕರೆದ್ಳು ಅಂತ ತಿರುಗಿದೆ. ಇವಳು ನಿಂತಿದ್ಳು. ಅದನ್ನ ಇನ್ನೊಂದ್ಸಲ ತಡ್ಕೊಳ್ಳೋ ಶಕ್ತಿ ನನಗಿರ್ಲಿಲ್ಲ."

ಮಿನ್ನಾಳ ಬಿಗಿದ ತುಟಿ ಸಡಿಲವಾಯಿತು. ಆರು ತಿಂಗಳು ಅವಳು ಏನೇನು ಅಂದುಕೊಂಡು ಕೊರಗಿದ್ದಳೋ! ಅವಳು ಕೈ ಬೀಸಿ ನಮ್ಮನ್ನು ಕರೆದು, ರಸ್ತೆ ದಾಟಿ ತನ್ನ ಕೋಳಿಗೂಡಿಗೆ ನಡೆದಳು. ಡ್ವೇನ್ ಎಮಿಲ್‌ನ ತೋಳು ಹಿಡಿದುಕೊಂಡ, ಎಮಿಲ್ ಕೊಸರಿಕೊಳ್ಳಲಿಲ್ಲ.

ಹುಲ್ಲಿನ ಪೆಟ್ಟಿಗೆಯಲ್ಲಿ ಕೆಂಪು ಹೇಂಟೆಯೊಂದು ಹರಡಿಕೊಂಡು ಕೂತು ನಮ್ಮನ್ನು ಗುರ್ ಎಂದು ಬೈಯಿತು. ಹ್ಯಾರಿಯೆಟ್ ಬಗ್ಗಿ ಕಿವಿಗೊಟ್ಟಳು. ಬಹಳ ಹೊತ್ತು ಕೇಳಿದಳು. ಅವಳು ಎದ್ದು ಇಲ್ಲವೆಂದು ತಲೆಯಾಡಿಸಿದಳು.

"ಏನೂ ಕೇಳಿಸ್ತಿಲ್ಲ. ಮಿನ್ನಾ, ನೀನೇ ಕರಿ."

ಮಿನ್ನಾ ಎಮಿಲ್‌ನನ್ನು ನೋಡಿದಳು. ಅವನು ಮಗುಚಿಟ್ಟ ಬಕೆಟ್ಟಿನ ಮೇಲೆ ಕೂತು, ಎರಡೂ ಕೈಯಿಂದ ಮೊಣಕಾಲು ಹಿಡಿದುಕೊಂಡು, ಹೂಂ ಎಂದ. ಅವಳು ಮಂಡಿಯೂರಿ, ಹೇಂಟೆಯ ರೆಕ್ಕೆಯ ಹತ್ತಿರ ಬಾಯಿಟ್ಟು, ತಾಯಿಯಿಂದ ಅಕ್ಕತಂಗಿಯರಿಬ್ಬರೂ ಕಲಿತಿದ್ದ ಹಾಗೆ ಕರೆದಳು.

"ಪುಟ್ ಪುಟ್ ಪುಟ್... ಬನ್ರೋ ಕಂದಗಳಾ... ಪುಟ್ ಪುಟ್..."

ಟಿಲ್ಲಿಯೇ! ಮರುಗಳಿಗೆ ಹೇಂಟೆಯ ಅಡಿಯಿಂದ, ಸಿಪ್ಪೆಯೊಳಗಿಂದ, ಸೂಜಿಯಷ್ಟು ಸಣ್ಣ ಕೀಚಲು ದನಿ ಕೇಳಿತು. ಇನ್ನೊಂದು. ಮತ್ತೆರಡು. ಡ್ವೇನ್ ಟೋಪಿ ತೆಗೆದು ಮುಖ ಮುಚ್ಚಿಕೊಂಡ. ಭಾನುವಾರದ ಹೊತ್ತಿಗೆ ಏಳು ಮರಿ ಹೊರಬಂದವು. ಅವುಗಳಲ್ಲಿ ಎರಡನ್ನು ಎಮಿಲ್ ತಾನೇ ಡ್ವೇನ್‌ನ ಅಂಗಳಕ್ಕೆ ಒಯ್ದುಕೊಟ್ಟ. ಅದೆಲ್ಲ ಆಮೇಲಿನ ಮಾತು.

ಆ ಸಂಜೆ ಅವನು ಹೇಂಟೆಯ ಕಡೆ ನೋಡಲೂ ಇಲ್ಲ. ಕಣ್ಣು ಮುಚ್ಚಿಕೊಂಡೇ ಕೂತಿದ್ದ, ಕೆನ್ನೆ ಒದ್ದೆಯಾಗಿತ್ತು.

"ಮಿನ್ನಾ," ಎಂದ. "ಇನ್ನೊಂದ್ಸಲ ಕರಿಯಮ್ಮ."