ಷಡ್ಡಕನ ವ್ಯಾನು

ಎಪ್ಪತ್ತನಾಲ್ಕರಲ್ಲಿ ಪರದೇಶದವನೊಬ್ಬ ಹೆದ್ದಾರಿಯಲ್ಲಿ ಕೆಟ್ಟುನಿಂತ ತನ್ನ ವ್ಯಾನನ್ನು ಮಂಚ, ಒಲೆಯ ಸಮೇತ ನನ್ನ ಷಡ್ಡಕ ಗೋವಿಂದಪ್ಪನಿಗೆ ಮಾರಿದ. ಹಿರಿಯೂರೇ ನೋಡಲು ಬಂತು. ನನ್ನ ಹೊಟ್ಟೆ ಉರಿಯಿತು. ಅದರಲ್ಲಿ ಇಲಿ ಸೇರಿವೆ ಎಂದು ಅವನೇ ಹೇಳಿದಾಗ ಸ್ವಲ್ಪ ತಣ್ಣಗಾಯಿತು.

“ಮಂಚದ ಕೆಳಗೆ ಬೋನಿಡಣ್ಣ. ಬಾಯಿಬಿಟ್ಟು ಹೇಳಬ್ಯಾಡ, ಇಲಿ ಕೇಳಿಸ್ಕಂತವೆ” ಎಂದ.

ಇಟ್ಟೆ. ಅವನು ಅತ್ತ ಹೋದೊಡನೆ ಬೇಕೆಂದೇ ಗಟ್ಟಿಯಾಗಿ ಹೇಳಿದೆ: “ಇಲ್ಲಿ ಬೋನೈತೆ, ಹುಷಾರು. ಯಾರೂ ಹೋಗಬ್ಯಾಡ್ರಿ, ಇಲ್ಲೇ ಇರ್ರಿ.”

ಇಲಿಗಳ ಪರಪರ ಸದ್ದು ನಿಂತಿತು. ಮಟಮಟ ಮಧ್ಯಾಹ್ನದಲ್ಲೂ ವ್ಯಾನಿನ ತಗಡು ಕೈಗೆ ತಣ್ಣಗೆ ತಾಗಿತು.

“ಆಗ್ಲಿ, ಇರ್ತೀನಿ” ಎಂದಿತು ಮಂಚದ ಕೆಳಗಿನಿಂದ ಹೆಣ್ಣುದನಿ.

ಅಂದಿನಿಂದ ವ್ಯಾನಿನಲ್ಲಿ ಇಲಿಗಳಿಲ್ಲ. ಗೋವಿಂದಪ್ಪನ ವಾಸವೂ ಅಲ್ಲೇ, ನಾಲ್ಕು ವರ್ಷವಾಯಿತು. ಅವನ ಹೆಂಡತಿ ದಿನವೂ ಮುದ್ದೆ ಒಯ್ದು ಬಾಗಿಲಲ್ಲಿಟ್ಟು ಬರುತ್ತಾಳೆ. ತಟ್ಟೆ ಮಾತ್ರ ಎರಡು ಕೇಳುತ್ತಾನೆ.